ಕೆಂಪವ್ವ ಕರೆದುಕೊಂಡು ಹೋದವರು

ಕಾಗವಾಡದ ಹೊಳೆದಂಡೆಯ ಹೊಲದಲ್ಲಿ ಅಂದು ಮಧ್ಯಾಹ್ನ ಎರಡನೆಯ ಟ್ರಾಲಿ ತುಂಬುತ್ತಿತ್ತು. ತೆಲಸಂಗದಿಂದ ಕಬ್ಬು ಕಡಿಯಲು ಬಂದ ಹದಿನೆಂಟು ಜೋಡಿಗಳ ಗ್ಯಾಂಗು ಅದು. ಗಂಡ ಕಡಿಯುತ್ತಾನೆ. ಹೆಂಡತಿ ರವದಿ, ಅಂದರೆ ಕಬ್ಬಿನ ಒಣ ಗರಿ, ಸುಲಿದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು, ಹಲಗೆ ಹತ್ತಿ ಟ್ರಾಲಿಗೆ ಹಾಕುತ್ತಾಳೆ. ಇಬ್ಬರನ್ನೂ ಸೇರಿಸಿ ಒಂದು 'ಕೊಯ್ತಾ' ಎನ್ನುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಎರಡು ಜೀವಕ್ಕೆ ಒಂದು ಕತ್ತಿಯ ಹೆಸರು. ಇಬ್ಬರಲ್ಲಿ ಒಬ್ಬರು ಕೂತರೆ ಅದು ಅರ್ಧ ಕೊಯ್ತಾ. ಅರ್ಧ ಕೊಯ್ತಾವನ್ನು ಕೂಲಿಯವರನ್ನು ಕರೆತರುವ ಯಾವ ಮುಕಾದಮನೂ ಗ್ಯಾಂಗಿನಲ್ಲಿ ಇಟ್ಟುಕೊಳ್ಳುವುದಿಲ್ಲ.

ಕೆಂಪವ್ವ ಹಲಗೆಯಿಂದ ಜಾರಿ ಬಿದ್ದದ್ದು ಬಹಳ ಎತ್ತರದಿಂದೇನಲ್ಲ. ಮೊಣಕಾಲೆತ್ತರ ಇದ್ದೀತು. ಹೊರೆ ಒಂದು ಕಡೆ, ಆಕೆ ಒಂದು ಕಡೆ. ಬದುವಿನ ಮೇಲೆ ದೊಪ್ಪೆಂದು ಕೂತುಬಿಟ್ಟಳು. ಸುತ್ತಲಿದ್ದ ಹೆಂಗಸರು ನಕ್ಕರು.

"ಏನಕ್ಕಾ, ಕುಂದ್ರಾಕ ಇದ ಜಾಗಾ ಸಿಕ್ತೇನು?" ಎಂದಳು ಪಕ್ಕದ ಗುಡಿಸಲಿನ ಕಸ್ತೂರೆವ್ವ.

ಕೆಂಪವ್ವನೂ ನಗಲೆಂದೇ ಬಾಯಿ ತೆರೆದಳು. ಮಾತಿಗೆ ಮಾತು ಕೊಡದೆ ಬಿಡುವವಳಲ್ಲ ಆಕೆ. ಆದರೆ ಏಳಲು ಹೋದಾಗ ತೊಡೆಸಂದಿಯಲ್ಲಿ ಕಾಯಿಸಿದ ಸರಳು ಹೊಕ್ಕಂತಾಯಿತು. ಎರಡನೆಯ ಸಲ ಪ್ರಯತ್ನಿಸಿದಳು, ಕಾಲು ಕೇಳಲಿಲ್ಲ. ಇಪ್ಪತ್ತು ವರ್ಷ ಕಬ್ಬು ಹೊತ್ತ, ನಲವತ್ತೆರಡರ ಗಟ್ಟಿ ಹೆಂಗಸು ನೆಲದ ಮೇಲೆ ಕೂತು ಮಗುವಿನಂತೆ ಅಳತೊಡಗಿದಾಗ ನಗುತ್ತಿದ್ದವರೆಲ್ಲ ಹೊರೆ ಬಿಟ್ಟು ಹತ್ತಿರ ಓಡಿಬಂದರು.

ಅಥಣಿಯ ಸರಕಾರಿ ದವಾಖಾನೆಯಲ್ಲಿ ಎಲುಬಿನ ಡಾಕ್ಟರು ಒಬ್ಬ ಹುಡುಗಿ, ಅಪೂರ್ವ ಎಂದು ಹೆಸರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೊಟ್ಟೆಯ ಸ್ಕ್ಯಾನ್ ಕೂಡ ಮಾಡಿಸಿದಳು. ಕೆಂಪವ್ವನ ಗಂಡ ಧೂಳಪ್ಪನನ್ನು ಗುಳಿಗೆ ತರಲು ಕಳಿಸಿ, ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು.

"ನೀವು ತಲಿ ಮ್ಯಾಲೆ ಹೊರಿ ಇಡಾಕ ಸಿಂಬಿ ಇಟ್ಕೋತೀರಲಾ? ನಮ್ಮ ಟೊಂಕದ ಎಲುಬೂ ಹಂಗ ಐತ್ರಿ. ಮೈ ಭಾರ ಎಲ್ಲಾ ಆ ಸಿಂಬಿ ಮ್ಯಾಲೆ ಕುಂತಿರತೈತಿ. ನಿಮ್ಮ ಸಿಂಬಿ ಮುಂದ ಎರಡ ಕಡೆ ಬಿರುಕ ಬಿಟ್ಟೈತಿ. ಇಷ್ಟ ಸಣ್ಣ ಪೆಟ್ಟಿಗೆ ಹಿಂಗಾಗಬಾರದ ಇತ್ತು. ಮುಟ್ಟು ನಿಂತು ಎಷ್ಟ ದಿನಾ ಆತು?"

"ಹದಿನಾರ ವರ್ಷ ಆತ್ರಿ. ಗರ್ಭದ ಚೀಲಾ ತೆಗೆಸೀನ್ರಿ."

ಡಾಕ್ಟರಮ್ಮನ ಪೆನ್ನು ನಿಂತಿತು. "ಅಂದ್ರ ಇಪ್ಪತ್ತಾರಕ್ಕ? ಯಾಕ ತೆಗೆಸಿದ್ರಿ?"

"ಬಿಳೀದ ಹೋಗತಿತ್ರಿ. ಕಿಬ್ಬೊಟ್ಟಿ ನೂಸತಿತ್ತು. ಬಿಟ್ರ ಕ್ಯಾನ್ಸರ್ ಆಗತೈತಿ ಅಂದ್ರು. ಎರಡ ಮಕ್ಕಳ ಆಗಿದ್ದೂ, ಇನ್ನ ಇಟ್ಕೊಂಡ ಏನ ಮಾಡೂದು ಅಂತ..."

"ಚೀಲದ ಅತ್ತಿತ್ತ ಎರಡ ಅಂಡಾಶಯ ಇರತಾವ್ರಿ. ಹೆಂಗಸರ ಎಲುಬಿಗೆ ಕಸುವು ಕೊಡೂದು ಅವು. ನಿಮ್ಮವನ್ನೂ ಕೂಡೇ ತೆಗದ ಬಿಟ್ಟಾರ, ಸ್ಕ್ಯಾನಿನ್ಯಾಗ ಕಾಣವಲ್ಲವು. ನಿಮಗ ನಲವತ್ತೆರಡು, ನಿಮ್ಮ ಎಲುಬಿಗೆ ಎಪ್ಪತ್ತ ದಾಟೈತಿ."

ಕೆಂಪವ್ವ ಮೆಲ್ಲಗೆ ಕೇಳಿದಳು, "ಹಂಗಾದ್ರ ತೆಗೆಸೂದ ತಪ್ಪೇನ್ರಿ?"

"ದೊಡ್ಡ ಗಡ್ಡಿ ಇದ್ರ, ರಕ್ತ ನಿಲ್ಲದಿದ್ರ, ಖರೇನ ಕ್ಯಾನ್ಸರ್ ಇದ್ರ ತೆಗೀಬೇಕಾಗತೈತ್ರಿ. ಆದ್ರ ಬಿಳೀದ ಹೋಗೂದು, ಹೊಟ್ಟಿ ನೂಸೂದು, ಇವು ಬಹಳ ಸಲ ಒಳಗ ನಂಜಾಗಿ ಬರತಾವ. ಎರಡ ವಾರ ಗುಳಿಗಿ ತಗೊಂಡ್ರ ಹೋಗತಾವ. ನಿಮಗ ಯಾರ ಹೇಳಿದ್ರು ತೆಗೆಸಾಕ?"

ತನಗೆ ಯಾರು ಹೇಳಿದ್ದರು ಎನ್ನುವುದಲ್ಲ, ತಾನು ಎಷ್ಟು ಜನಕ್ಕೆ ಹೇಳಿದ್ದೇನೆ ಎನ್ನುವುದು ಕೆಂಪವ್ವನ ತಲೆಯಲ್ಲಿ ಓಡುತ್ತಿತ್ತು. ಹನ್ನೊಂದು ಮಂದಿ.

ಆ ಹನ್ನೊಂದು ಮಂದಿಯನ್ನು ಪೇಟೆಯ ಖಾಸಗಿ ದವಾಖಾನೆಗೆ ತಾನೇ ಕೈಹಿಡಿದು ಕರೆದುಕೊಂಡು ಹೋಗಿದ್ದಳು ಕೆಂಪವ್ವ. ಇದರಲ್ಲಿ ಆಕೆಗೆ ಯಾವ ಲಾಭವೂ ಇರಲಿಲ್ಲ. ಹೊಲದಲ್ಲಿ ಕಕ್ಕಸಿಲ್ಲ, ಬಟ್ಟೆ ಬದಲಿಸಲು ಮರೆಯಿಲ್ಲ, ತೊಳೆಯಲು ಕಾಲುವೆಯ ರಾಡಿ ನೀರೇ ಗತಿ. ತಿಂಗಳಿಗೆ ನಾಲ್ಕು ದಿನ ಆ ಸ್ಥಿತಿಯಲ್ಲಿ ಹೊರೆ ಹೊರುವುದು ಎಂಥ ಶಿಕ್ಷೆ ಎಂದು ಆಕೆಗೆ ಗೊತ್ತಿತ್ತು. "ಒಮ್ಮೆ ಕೊಯ್ಸಿಕೊಂಡ್ರ ಜನ್ಮದ ಪೀಡಾ ಹೋತು ನೋಡ" ಎಂದು ನಂಬಿದ್ದಳು, ನಂಬಿಸಿದ್ದಳು. ಆಪರೇಷನ್ ಕೋಣೆಯ ಹೊರಗೆ ಉಪವಾಸ ಕೂತಿದ್ದಳು, ಗಂಜಿ ಕಾಯಿಸಿ ಕುಡಿಸಿದ್ದಳು. ಊರಿಗೆ ಮರಳಿದ ಮೇಲೆ ಒಬ್ಬೊಬ್ಬರೂ ಖಣ, ಕೊಬ್ಬರಿ, ಅಕ್ಕಿ ತಂದು ಆಕೆಯ ಉಡಿ ತುಂಬಿದ್ದರು. ಒಡಲು ಖಾಲಿ ಮಾಡಿಸಿಕೊಂಡು ಬಂದ ಹೆಂಗಸರು ಇನ್ನೊಬ್ಬಳ ಉಡಿ ತುಂಬುವುದು ವಿಚಿತ್ರವೆಂದು ಆಗ ಯಾರಿಗೂ ಅನಿಸಿರಲಿಲ್ಲ. ಆ ಖಣಗಳಲ್ಲಿ ಒಂದನ್ನೂ ಕೆಂಪವ್ವ ಹೊಲಿಸಿಕೊಂಡಿರಲಿಲ್ಲ. ಮರ್ಯಾದೆಯ ವಸ್ತುವೆಂದು ಟ್ರಂಕಿನಲ್ಲಿ ಇಟ್ಟಿದ್ದಳು.

ಹನ್ನೆರಡನೆಯವಳು ಅವಳದೇ ಸೊಸೆ ನೀಲಮ. ಇಪ್ಪತ್ತನಾಲ್ಕು ವರ್ಷ, ಎರಡು ಮಕ್ಕಳು. ದೀಪಾವಳಿಯಿಂದ ಅವಳಿಗೂ ಅದೇ ಬಿಳಿಸೆರಗು, ಅದೇ ಹೊಟ್ಟೆನೋವು. ಖಾಸಗಿ ಡಾಕ್ಟರು ಐದು ನಿಮಿಷ ನೋಡಿ, ಬರುವ ಶನಿವಾರಕ್ಕೆ ದಿನ ಕೊಟ್ಟಿದ್ದರು. ಅಳುತ್ತಿದ್ದ ನೀಲಮಳನ್ನು ಗದರಿಸಿ ಒಪ್ಪಿಸಿದವಳು ಕೆಂಪವ್ವನೇ. ಆಕೆ ಡಾಕ್ಟರಮ್ಮನ ಮುಂದೆ ಮಲಗಿದ್ದ ಈ ದಿನ ಸೋಮವಾರ.

ಧೂಳಪ್ಪ ಗುಳಿಗೆ ಹಿಡಿದು ಬಂದು, "ಏನಂದ್ರು?" ಎಂದು ಕೇಳಿದ.

"ಎಲುಬು ಬಿರುಕ ಬಿಟ್ಟೈತಂತ. ಮೂರ ವಾರ ಮಲಗಬೇಕಂತ. ಆಮ್ಯಾಲ ವಾಕರ್ ಹಿಡಕೊಂಡ ನಡೀಬೇಕು, ಇನ್ನ ಹೊರಿ ಹೊರಬಾರದಂತ" ಎಂದಳು ಕೆಂಪವ್ವ. ಅಷ್ಟೇ ಹೇಳಿದಳು.

ಗುಡಿಸಲೆಂದರೆ ನಾಲ್ಕು ಬಿದಿರು, ಮೇಲೊಂದು ಕಪ್ಪು ತಾಡಪತ್ರಿ. ಒಳಗೆ ನಿಂತರೆ ತಲೆ ತಾಗುತ್ತದೆ. ಮಲಗಿದರೆ ಆ ತಾಡಪತ್ರಿ ಮೂಗಿನ ಮೇಲೇ ಬಂದು ಕೂತ ಹಾಗೆ. ಕೆಂಪವ್ವನಿಗೆ ಈಗ ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕು. ಬೆಳಕು ಹರಿಯುವ ಮುನ್ನ ಗ್ಯಾಂಗು ಹೊಲಕ್ಕೆ ಹೋದರೆ ಸಂಜೆಯ ತನಕ ಅವಳು, ನೊಣಗಳು, ಬಿಸಿಲಿಗೆ ಕಾಯುವ ತಾಡಪತ್ರಿ. ಮಧ್ಯಾಹ್ನ ನೀಲಮ ಓಡಿಬಂದು ರೊಟ್ಟಿ ಮುರಿದು ಬಾಯಿಗಿಟ್ಟು, ಮಲದ ಬಟ್ಟಲು ಇಟ್ಟು ತೆಗೆದು, ಮತ್ತೆ ಹೊಲಕ್ಕೆ ಓಡುತ್ತಿದ್ದಳು. ತನ್ನ ಕಿಬ್ಬೊಟ್ಟೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡೇ ಓಡುತ್ತಿದ್ದಳು.

"ಅತ್ತೀ, ಶನಿವಾರ ನೀವಿಲ್ಲದ ನಂಗ ಅಂಜಿಕಿ ಬರತೈತ್ರಿ" ಎಂದಳು ಮಂಗಳವಾರ.

ಹೇಳಿಬಿಡಬೇಕೆಂದು ಕೆಂಪವ್ವನಿಗೆ ಅನಿಸಿತು. ಹೇಳಿದರೆ ಮಾತು ನೀಲಮಳಲ್ಲಿ ನಿಲ್ಲುತ್ತದೆಯೇ? ಕಸ್ತೂರೆವ್ವನ ಕಿವಿಗೆ ಬೀಳುತ್ತದೆ. ಕಸ್ತೂರೆವ್ವನಿಗೆ ಆಗ ಇಪ್ಪತ್ತೆಂಟು. ಈಗ ಕೂತರೆ ಏಳಲು ಏನಾದರೂ ಹಿಡಿಯಬೇಕು. ಹನ್ನೊಂದು ಮಂದಿಯೂ ಬಂದು ಈ ಮಂಚದ ಸುತ್ತ ನಿಂತರೆ, ಎದ್ದು ಓಡಲು ಕಾಲಾದರೂ ಬೇಡವೇ?

"ಕಸ್ತೂರೆವ್ವ ಬರತಾಳಲಾ" ಎಂದಳು. ತನ್ನ ಧ್ವನಿ ತನಗೇ ಹೇಸಿಗೆಯಾಯಿತು.

ನಿಜ, ಕಸ್ತೂರೆವ್ವ ತಾನಾಗಿಯೇ ಒಪ್ಪಿಕೊಂಡಿದ್ದಳು. ತಾನು ಮಲಗಿದ್ದರೂ ತಾನು ಹಾಕಿದ ದಾರಿಯಲ್ಲಿ ಜನ ನಡೆಯುತ್ತಲೇ ಇರುತ್ತಾರೆ ಎಂಬುದು ಕೆಂಪವ್ವನಿಗೆ ಆಗ ತಿಳಿಯಿತು.

ಗುರುವಾರ ಸಂಜೆ ಮುಕಾದಮ ಸಂಭಾಜಿ ಬಾಳೆಹಣ್ಣು ಹಿಡಿದು ಬಂದ. ನಿಪ್ಪಾಣಿ ಕಡೆಯವನು, ಮರಾಠಿಯಲ್ಲಿ ಕುಶಲ ಕೇಳಿ, ಎರಡನೆಯ ಮಾತಿಗೇ ಕನ್ನಡಕ್ಕೆ ಬರುವ ಮನುಷ್ಯ. ಕೆಟ್ಟವನಲ್ಲ. ಅದೇ ತೊಂದರೆ, ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

"ಧೂಳಪ್ಪಂದು ಕಾಳಜಿ ಮಾಡಬ್ಯಾಡಕ್ಕಾ. ಅರ್ಧಾ ಕೊಯ್ತಾ ಆದ್ರೂ ನಾ ಬಿಡೂದಿಲ್ಲ, ಟ್ರಾಲಿಗೆ ಹಗ್ಗಾ ಕಟ್ಟಾಕ ಇಟ್ಕೋತೀನಿ. ನೀ ನನಗ ಏಸ ಜೋಡಿ ಹಿಡಿದ ಕೊಟ್ಟಿ! ನಿನ್ನ ಸೊಸೀದೊಂದು ಶನಿವಾರ ಮುಗೀಲಿ. ತಿಂಗಳೊಪ್ಪತ್ತಿನ್ಯಾಗ ಹೊಲಕ್ಕ ಬರತಾಳ."

"ಸಂಭಾಜಿ, ಗುಳಿಗಿಂದ ಕಡಿಮಿ ಆಗಬಹುದಂತ ಅಂತಾರಪಾ ಕೆಲವರು."

ಅವನು ಹಣ್ಣಿನ ಚೀಲವನ್ನು ಕೆಳಗಿಟ್ಟ. "ನಾ ಯಾರಿಗೂ ತೆಗಸ್ರಿ ಅಂದಿಲ್ಲಕ್ಕಾ. ಹೌದೋ ಅಲ್ಲೋ? ಆದ್ರ ಕಾರ್ಖಾನೆಯಾವ್ರು ನನಗ ದಿನಾ ಇಷ್ಟ ಟ್ರಾಲಿ ಅಂತಾರ. ಈಕಿಗೆ ಹೊಟ್ಟಿ ನೂಸತೈತಿ, ಆಕಿ ಹೊರಗ ಕುಂತಾಳ ಅಂದ್ರ ಕೇಳೂದಿಲ್ಲ. ಗುಳಿಗಿ ತಗೊಂಡು ವಾರಕ್ಕೆರಡ ದಿನಾ ಮಲಗಿದ್ರ ನಾ ಏನ ಮಾಡ್ಲಿ? ಹೇಳ ನೀನ."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕೆಂಪವ್ವ ತಾಡಪತ್ರಿಯನ್ನೇ ನೋಡುತ್ತ ಕೇಳಿದಳು.

"ನಿನ್ನ ಹೆಂಡ್ತಿ ತೆಗೆಸ್ಯಾಳೇನು?"

"ಆಕಿ ಯಾಕ ತೆಗೆಸ್ತಾಳ? ಆಕಿ ಏನ ಹೊಲಕ್ಕ ಬರತಾಳೇನು?"

ಹೇಳಿದ ಮೇಲೆ ಅವನಿಗೂ ಏನೋ ಚುಚ್ಚಿರಬೇಕು. ಬಾಳೆಹಣ್ಣು ತಿನ್ನಲು ಎರಡು ಸಲ ಹೇಳಿ, ಎದ್ದು ಹೋದ.

ಶುಕ್ರವಾರ ಸಂಜೆ ನೀಲಮ ಚೀಲಕ್ಕೆ ಸೀರೆ, ಟವೆಲು, ತಾಟು ತುಂಬಿದಳು. ಆಮೇಲೆ ಅತ್ತೆಯ ಮೈ ಒರೆಸಲು ಬಿಸಿನೀರು ತಂದಳು. ಮಗ್ಗುಲಾಗಿಸುವಾಗ ಕೆಂಪವ್ವ ನೋವಿಗೆ ಚೀರಿದಳು.

"ತಡೀರಿ ಅತ್ತೀ, ಆತು. ನಾಳಿಂದ ನಿಮ್ಮನ್ನ ಯಾರ ನೋಡತಾರೋ ಏನೋ. ಆಚೀ ಗುಡಿಸಲದ ಸುಂದರಾ ಕಾಕುಗ ಹೇಳೀನಿ, ಬರತೀನಿ ಅಂದಾಳ."

ತನ್ನ ಹೊಟ್ಟೆ ಕೊಯ್ಸಿಕೊಳ್ಳಲು ಹೋಗುವ ಹುಡುಗಿ ಅತ್ತೆಯ ಮೈ ಒರೆಸುವವರನ್ನು ಗೊತ್ತು ಮಾಡಿ ಹೋಗುತ್ತಿದ್ದಳು. ಕೆಂಪವ್ವನಿಗೆ ಇನ್ನು ತಡೆಯಲಾಗಲಿಲ್ಲ.

"ನೀಲಮಾ, ನಾಳಿಗೆ ಹೋಗಬ್ಯಾಡ."

"ಯಾಕ್ರಿ?"

"ನಾ ನಿನಗ ಹೇಳಿದ್ದು ತಪ್ಪ."

ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಸಿಂಬಿಯ ಮಾತು, ಅಂಡಾಶಯದ ಮಾತು, ಎಪ್ಪತ್ತು ದಾಟಿದ ಎಲುಬಿನ ಮಾತು. ನೀಲಮಳ ಕೈ ಬಿಸಿನೀರಿನ ಬೋಗುಣಿಯಲ್ಲೇ ಉಳಿಯಿತು. ಎಲ್ಲ ಮುಗಿದ ಮೇಲೆ ಅವಳು ಕೇಳಿದ್ದು ಒಂದೇ.

"ಇದು ನಿಮಗ ಯಾವಾಗ ಗೊತ್ತಾತು?"

"ಸೋಮವಾರ."

"ಇವತ್ತ ಶುಕ್ರವಾರ. ನಾಲ್ಕ ದಿನಾ ನಿಮ್ಮ ಉಚ್ಚಿ ಬಳದೀನ್ರಿ ನಾನು. ನಿಮ್ಮ ಬಾಯಾಗ ತುತ್ತ ಇಟ್ಟೀನಿ. ಒಂದ ಮಾತ ಹೇಳಾಕ ಆಗಲಿಲ್ಲ?" ನೀಲಮ ಬೋಗುಣಿಯಿಂದ ಕೈ ತೆಗೆದಳು. "ಆ ದವಾಖಾನ್ಯಾವ್ರು ನಿಮಗ ಏನ ಕೊಡತಾರ? ಒಬ್ಬಾಕಿನ್ನ ಕರಕೊಂಡ ಹೋದ್ರ ಇಷ್ಟ ಅಂತ ಐತೇನು?"

ಕೆಂಪವ್ವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಹಲಗೆಯಿಂದ ಬಿದ್ದಾಗಲೂ ಆಗಿರಲಿಲ್ಲ.

"ಏನೂ ಕೊಟ್ಟಿಲ್ಲವ್ವಾ. ಕೊಟ್ಟಿದ್ರ ಚಲೋ ಇತ್ತು, ಆಸೇಕ್ಕ ಬಿದ್ದ ಮಾಡೀನಿ ಅಂತಾದ್ರೂ ಹೇಳತಿದ್ನಿ. ನಾ ಒಳ್ಳೇದ ಮಾಡಾಕತ್ತೀನಿ ಅಂತ ತಿಳಕೊಂಡಿದ್ನಿ. ಸೋಮವಾರದಿಂದ ಅಂಜಿಕಿ. ನಿನ್ನ ಅಂಜಿಕಿ ಅಲ್ಲ, ಉಳದ ಹನ್ನೊಂದ ಮಂದೀದು."

ನೀಲಮ ಒದ್ದೆ ಬಟ್ಟೆಯನ್ನು ಹಿಂಡಿ, ಅರ್ಧಕ್ಕೆ ನಿಂತಿದ್ದ ಬೆನ್ನನ್ನು ಪೂರ್ತಿ ಒರೆಸಿದಳು. ಒರೆಸುವ ಕೈ ಮೊದಲಿನಷ್ಟು ಮೆತ್ತಗಿರಲಿಲ್ಲ.

ಊಟದ ಹೊತ್ತಿಗೆ ಗಂಡಸರು ಬಂದಾಗ ದೊಡ್ಡ ಗದ್ದಲವೇ ಆಯಿತು. ನೀಲಮಳ ಗಂಡ ಭರಮು ತಟ್ಟೆ ಸರಿಸಿ ಎದ್ದ.

"ಅಂದ ನೀನ ಹೇಳಿದಿ, ತೆಗೆಸು ಅಂತ. ಇವತ್ತ ನೀನ ಹೇಳತಿ, ಬ್ಯಾಡ ಅಂತ. ಮುಕಾದಮಗ ಏನಂತ ಹೇಳ್ಲಿ? ಅಪ್ಪಂದಂತೂ ಅರ್ಧಾ ಕೊಯ್ತಾ ಆತು. ನಂದೂ ಅರ್ಧಾ ಆದ್ರ ಇಬ್ರೂ ಗಂಟಮೂಟಿ ಕಟ್ಟೂದು."

"ಹೌದು, ಕಟ್ಟಬೇಕಾಗಬಹುದು" ಎಂದಳು ಕೆಂಪವ್ವ. "ಆದ್ರ ಈಕಿ ನಲವತ್ತಕ್ಕ ಹಿಂಗ ಮಲಗಿದ್ರ ನಿಂದು ಪೂರಾ ಕೊಯ್ತಾ ಹೆಂಗಾಗತೈತಿ? ನಾಳಿಗೆ ಕರಕೊಂಡ ಹೋಗು. ಪ್ಯಾಟಿಗೆ ಅಲ್ಲ, ಅಥಣಿ ಸರಕಾರಿ ದವಾಖಾನಿಗೆ. ಅಲ್ಲೂ ತೆಗೀಬೇಕ ಅಂದ್ರ ತೆಗೆಸ್ರಿ, ನಾ ಬ್ಯಾಡ ಅನ್ನೂದಿಲ್ಲ."

ಧೂಳಪ್ಪ ಮೂಲೆಯಲ್ಲಿ ಕೂತಿದ್ದ. ಹದಿನಾರು ವರ್ಷಗಳ ಹಿಂದೆ ಆಪರೇಷನ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದವನು ಅವನೇ. ಏನನ್ನು ತೆಗೆಯುತ್ತಾರೆಂದು ಅವನೂ ಕೇಳಿರಲಿಲ್ಲ.

"ಹೋಗ ಬಾರಪಾ. ನಾ ಆಗ ಒಂದ ಮಾತ ಕೇಳಬೇಕಿತ್ತು, ಕೇಳಲಿಲ್ಲ. ನೀ ಕೇಳು" ಎಂದ.

ಶನಿವಾರ ಅವರಿಬ್ಬರೂ ಅಥಣಿಗೆ ಹೋದರು. ಕೆಂಪವ್ವ ಬೆಳಗಿನಿಂದ ರಸ್ತೆಯ ಸದ್ದು ಕೇಳುತ್ತ ಮಲಗಿದ್ದಳು. ಎಲ್ಲಿ ತನ್ನ ಮಾತೇ ತಪ್ಪಾಗಿ, ನಿಜಕ್ಕೂ ಕ್ಯಾನ್ಸರ್ ಇದ್ದುಬಿಟ್ಟರೆ ಎಂಬ ಹೊಸ ಹೆದರಿಕೆಯೂ ಸೇರಿಕೊಂಡಿತ್ತು. ಮೂರು ಗಂಟೆಯ ಹೊತ್ತಿಗೆ ಭರಮು ಬಂದು ಒಂದು ಪೊಟ್ಟಣವನ್ನು ಮಂಚದ ಮೇಲೆ ಎಸೆದ. ಅವನ ಮುಖ ಗಂಟಿಕ್ಕಿತ್ತು.

"ಏನಂದ್ರೋ?"

ನೀಲಮ ಹೇಳಿದಳು. ಹೆಂಗಸರ ಡಾಕ್ಟರು ಅರ್ಧ ಗಂಟೆ ಪರೀಕ್ಷೆ ಮಾಡಿದರಂತೆ, ಸ್ಕ್ಯಾನ್ ಮಾಡಿದರಂತೆ. ಗಡ್ಡೆ ಇಲ್ಲ, ಒಳಗೆ ನಂಜಾಗಿದೆ, ತೆಗೆಯುವಂಥದ್ದು ಏನೂ ಇಲ್ಲ. ಹದಿನಾಲ್ಕು ದಿನ ಗುಳಿಗೆ, ಆಮೇಲೆ ಮತ್ತೆ ತೋರಿಸಬೇಕು. ಒಣ ಬಟ್ಟೆ, ಶುದ್ಧ ನೀರು ಬೇಕು. ಎರಡು ವಾರ ಹೊರೆ ಹೊರುವಂತಿಲ್ಲ.

"ಮತ್ತ ಇವನ್ಯಾಕ ಹಿಂಗ ಮಾರಿ ಮಾಡ್ಯಾನ?"

"ಅವರಿಗೂ ಗುಳಿಗಿ ಕೊಟ್ಟಾರ್ರಿ."

"ನಂಗೇನ ಆಗೇತಿ?" ಎಂದು ಭರಮು ಸಿಡುಕಿದ. "ಹೊಟ್ಟಿ ನೂಸೂದು ಆಕೀದು, ಗುಳಿಗಿ ನಂಗ!"

"ಇಬ್ರೂ ತಗೋಲಿಲ್ಲಂದ್ರ ನಂಜು ಹೊಳ್ಳಿ ಬರತೈತಂತ್ರಿ" ಎಂದಳು ನೀಲಮ, ನೆಲ ನೋಡುತ್ತ.

"ಆಕಿ ಚೀಲಾ ತೆಗೆಸಾಕ ತಯಾರಿದ್ದಿ. ನಿನಗ ಒಂದ ಗುಳಿಗಿ ನುಂಗಾಕ ಜೀವಕ್ಕ ಬಂತೇನು?" ಎಂದಳು ಕೆಂಪವ್ವ. ವಾರದಿಂದ ಮುಚ್ಚಿದ್ದ ಅವಳ ಬಾಯಿ ತನ್ನ ಹಳೆಯ ಹರಿತಕ್ಕೆ ಮರಳಿತ್ತು. "ನುಂಗು. ನನ್ನ ಮುಂದ ನುಂಗು."

ಅವನು ನುಂಗಿದ. ನೀಲಮಳ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಹಾದುಹೋಯಿತು. ಅತ್ತೆಯ ಕಡೆ ಮಾತ್ರ ಅವಳು ನೋಡಲಿಲ್ಲ.

ಸಂಜೆ ಧೂಳಪ್ಪ ಗುಡಿಸಲಿನ ಹಿಂದೆ ನಾಲ್ಕು ಗಳ ನೆಟ್ಟು, ರವದಿ ಹೆಣೆದು ಒಂದು ಮರೆ ಕಟ್ಟಿದ. ಒಳಗೆ ಕೊಡ, ಬಕೆಟ್ಟು, ಬಟ್ಟೆ ಹಾಕಲು ಹಗ್ಗ. ಯಾರೂ ಹೇಳಿರಲಿಲ್ಲ. ನೋಡಿದವರು ಏನಿದು ಎಂದು ಕೇಳಿದರೆ, "ಹೆಂಗಸರಿಗೆ" ಎಂದು ಒಂದೇ ಮಾತು ಹೇಳುತ್ತಿದ್ದ.

ಭಾನುವಾರ ಕಾರ್ಖಾನೆಯ ಯಂತ್ರ ಕೆಟ್ಟು ಗ್ಯಾಂಗಿಗೆ ಅರ್ಧ ದಿನ ರಜೆ ಸಿಕ್ಕಿತು. ಕಸ್ತೂರೆವ್ವ ಬುಸುಗುಡುತ್ತ ಬಂದಳು.

"ಏನಕ್ಕಾ ಇದು? ನಾ ಕೂಡ ಹೋಗಾಕ ಅಂತ ತಯಾರಾಗಿ ಕುಂತ್ರ ನಿನ್ನ ಸೊಸಿ ಅಥಣಿ ಬಸ್ ಹತ್ತಿ ಹೋಗ್ಯಾಳ. ಸಂಭಾಜಿ ಬ್ಯಾರೆ ಜೋಡಿ ನೋಡಾಕತ್ತಾನಂತ. ನಮಗೆಲ್ಲಾ ಒಂದ ನ್ಯಾಯ, ನಿನ್ನ ಸೊಸಿಗೆ ಒಂದ ನ್ಯಾಯ?"

"ಕುಂದರ ಕಸ್ತೂರೆವ್ವ. ಗ್ಯಾಂಗಿನ್ಯಾಗ ನಾ ಕರಕೊಂಡ ಹೋದಾವ್ರನ್ನೆಲ್ಲಾ ಕರಿ."

ಹನ್ನೊಂದರಲ್ಲಿ ಆರು ಮಂದಿ ಈ ವರ್ಷದ ಗ್ಯಾಂಗಿನಲ್ಲಿದ್ದರು. ಗುಡಿಸಲಿನಲ್ಲಿ ಜಾಗ ಸಾಲದೆ ಇಬ್ಬರು ಬಾಗಿಲಲ್ಲಿ ಕೂತರು. ಕೆಂಪವ್ವನಿಗೆ ಯಾರ ಮುಖವೂ ಸರಿಯಾಗಿ ಕಾಣುತ್ತಿರಲಿಲ್ಲ, ಕಂಡದ್ದು ಮೊಣಕಾಲು, ಬಳೆ, ಕೈಗಳು ಮಾತ್ರ. ನೀಲಮ ಕರೆಯದೆಯೇ ಬಂದು, ಹಿಂದೆ ದಿಂಬು ಕೊಟ್ಟು ತಲೆಯನ್ನು ಸ್ವಲ್ಪ ಎತ್ತಿ ಕೂರಿಸಿದಳು. ಈಗ ಎಲ್ಲರೂ ಕಂಡರು. ಕಾಣದಿದ್ದರೇ ಹೇಳುವುದು ಸುಲಭವಿತ್ತು.

ಕೆಂಪವ್ವ ಹೇಳಿದಳು. ಎಲ್ಲಿಯೂ ಡಾಕ್ಟರ ಮೇಲೆ, ಮುಕಾದಮನ ಮೇಲೆ ಹಾಕಿ ತಾನು ಜಾರಿಕೊಳ್ಳಲಿಲ್ಲ. "ನಿಮ್ಮ ಟೊಂಕಾ, ಬೆನ್ನು ನೂಸತಾವಲಾ, ಅದು ವಯಸ್ಸಲ್ಲ. ಎಲ್ಲಾರೂ ಎಲುಬು ತೋರಿಸ್ಕೊಳ್ರಿ. ಅದಕ್ಕೂ ಗುಳಿಗಿ ಅದಾವಂತ, ಮುರಿಯೂದರಾಗ ತಗೊಂಡ್ರ ಉಳೀತಾವಂತ. ನಾ ನಿಮ್ಮನ್ನ ಕರಕೊಂಡ ಹೋಗಿದ್ದು ತಪ್ಪಾತು" ಎಂದು ಮುಗಿಸಿದಳು.

ಬಾಗಿಲಲ್ಲಿ ಕೂತಿದ್ದ ಒಬ್ಬಳು ತನ್ನ ಮೊಣಕಾಲನ್ನು ಮುಟ್ಟಿ ನೋಡಿಕೊಂಡಳು. ಇನ್ನೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿ ಅಳತೊಡಗಿದಳು.

"ನಂಗ ಇಪ್ಪತ್ತೆಂಟ ಇತ್ತು" ಎಂದಳು ಕಸ್ತೂರೆವ್ವ.

"ಹೌದು."

"ನಾ ಒಲ್ಲೆ ಅಂದಿದ್ನಿ. ನೀ ಕೈ ಹಿಡಿದ ಎಳಕೊಂಡ ಹೋದಿ."

"ಹೌದವ್ವಾ."

ಕಸ್ತೂರೆವ್ವ ಬಿದಿರು ಹಿಡಿದು ಎದ್ದಳು. ಅವಳು ಹೊಡೆಯುತ್ತಾಳೆಂದೇ ನೀಲಮ ಒಂದು ಹೆಜ್ಜೆ ಮುಂದೆ ಬಂದಳು. ಕಸ್ತೂರೆವ್ವ ಯಾರ ಕಡೆಯೂ ನೋಡದೆ ಹೊರಗೆ ಹೋದಳು. ಅವಳ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಕೂಗಿ ನಿಲ್ಲಿಸಲು ಕೆಂಪವ್ವನಿಗೆ ಬಾಯಿ ಬರಲಿಲ್ಲ, ಹಿಂದೆ ಹೋಗಲು ಕಾಲಿರಲಿಲ್ಲ. ಇದೇ ಶಿಕ್ಷೆ, ಇದೇ ಸರಿ ಎಂದುಕೊಂಡು ಕಣ್ಣು ಮುಚ್ಚಿದಳು.

ಕಾಲು ಗಂಟೆ ಕಳೆದಿರಬಹುದು. ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು. ಕಣ್ಣು ತೆರೆದರೆ ಕಸ್ತೂರೆವ್ವ. ಅವಳ ಕೈಯಲ್ಲಿ ಅವಳ ಮಗಳ ರಟ್ಟೆ. ಕಾಂಚನ ಎಂದು ಹೆಸರು, ಹೋದ ವರ್ಷ ಹಡೆದು ಈ ವರ್ಷ ಗಂಡನ ಜೊತೆ ಗ್ಯಾಂಗಿಗೆ ಬಂದ ಹುಡುಗಿ. ಬರಲು ಮನಸ್ಸಿಲ್ಲದೆ ಕೊಸರಾಡುತ್ತಿದ್ದಳು. ಕಸ್ತೂರೆವ್ವ ಅವಳನ್ನು ಮಂಚದ ಮುಂದೆ ಕೂರಿಸಿ, ತಾನೂ ನೆಲ ಹಿಡಿದು ಕಷ್ಟಪಟ್ಟು ಪಕ್ಕದಲ್ಲಿ ಕೂತಳು. ಅವಳ ಸಿಟ್ಟು ಇಳಿದಿರಲಿಲ್ಲ. ಕೆಂಪವ್ವನ ಮುಖವನ್ನು ನೋಡದೆಯೇ ಹೇಳಿದಳು.

"ಮೂರ ತಿಂಗಳಿಂದ ಈಕಿಗೂ ಹೊಟ್ಟಿ ನೂಸಾಕತ್ತೈತಿ. ತೆಗೆಸ್ಕೋತೀನಿ ಅಂತಾಳ, ನನ್ನ ಮಾತ ಕೇಳೂದಿಲ್ಲ. ನೀ ಹೇಳಿದ್ರ ಎಲ್ಲಾರೂ ಕೇಳತಾರಲಾ, ಹೇಳು. ಮೊದಲಿಂದ ಹೇಳು."